ಗದ್ದಲದ ಡಬ್ಬಿ ಕೆಟ್ಟ ದಿನ

ಲಗ್ಗೆರೆಯ ಪಾಲಿಟೆಕ್ನಿಕ್ಕು, ಎರಡನೇ ಮಹಡಿ, ಮೂಲೆಯ ಲ್ಯಾಬು.
ಸಂಜೆ ಬ್ಯಾಚು, ಹತ್ತೊಂಬತ್ತು ಮಂದಿ.
ಅರ್ಧ ಜನ ಪೀಣ್ಯದಲ್ಲಿ ಮೊದಲ ಶಿಫ್ಟು ಮುಗಿಸಿ ಬಂದವರು,
ಸೋಪು ಹಾಕಿದರೂ ಅಂಗೈಯಲ್ಲಿ ಕೂಲೆಂಟಿನ ವಾಸನೆ.

ಬೀರುವಿನಿಂದ ಒಂದೊಂದೇ ಡಬ್ಬಿ ಇಳಿಸುತ್ತೇನೆ.
ನೀಲಿಯದು ಸ್ಯಾಂಪ್ಲರು, ಹಸಿರು ಮಾಡ್ಯುಲೇಟರು,
ಬೂದು ಬಣ್ಣದ್ದು ಚಾನಲ್ಲು.
ಬಿಚ್ಚಿದರೆ ಒಳಗೆ ಅಂಥದ್ದೇನಿಲ್ಲ,
ನಾಲ್ಕು ರೆಸಿಸ್ಟರು, ಮೂರು ಕೆಪಾಸಿಟರು.
ಅಷ್ಟರಲ್ಲೇ ಹತ್ತಾರು ಮೈಲಿ ತಂತಿ ಮಲಗಿದೆ ಎಂದು ನಂಬಬೇಕು.
ನಂಬುವುದು ಸಿಲಬಸ್ಸಿನಲ್ಲೇ ಇದೆ.

ಚನ್ನೆಮಣೆಯ ಗುಳಿಗಳ ಹಾಗೆ ಸಾಲು ಸಾಕೆಟ್ಟು.
ಕಪ್ಪು ತಂತಿ ಮೊದಲು, ಎಂದು ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ,
ನೆಲ ಸಿಗದೆ ಯಾವ ಮಾತೂ ನಿಲ್ಲುವುದಿಲ್ಲ.
ಇದನ್ನು ತತ್ತ್ವವೆಂದು ಬರೆದುಕೊಂಡ ಹುಡುಗಿಯೊಬ್ಬಳಿದ್ದಳು.
ಅಲ್ಲಮ್ಮ, ಅದು ಬರೀ ಗ್ರೌಂಡು, ಎಂದೆ.

ಇವತ್ತು ನಾಯ್ಸ್ ಡಬ್ಬಿ ಕೆಟ್ಟಿದೆ.
ಗುಂಡಿ ತಿರುಗುತ್ತದೆ, ಗದ್ದಲ ಬರುವುದಿಲ್ಲ.
ಎಸ್.ಪಿ. ರೋಡಿನಲ್ಲಿ ಐಸಿ ಸಿಗುತ್ತದಂತೆ,
ಆದರೆ ಕೊಟೇಶನ್ನು ಮೂರು, ಸಹಿ ಐದು.
‘ಬೆಂಗಳೂರಲ್ಲಿ ಗದ್ದಲಕ್ಕೂ ಇಂಡೆಂಟು ಹಾಕಬೇಕಾ ಮೇಡಂ?’
ಎಂದ ಅಟೆಂಡರ್ ಮುನಿಚೌಡಪ್ಪ
ಕಿಟಕಿಯ ಅಗುಳಿ ತೆಗೆದ.

ರಿಂಗ್ ರೋಡು ಸೀದಾ ಒಳಗೆ ಬಂತು.
ಕೀಂಕೀಂ ಎನ್ನುತ್ತ ಹಿಂದೆ ಸರಿಯುವ ನೀರಿನ ಟ್ಯಾಂಕರು,
ಎದುರು ಶೆಡ್ಡಿನ ಪವರ್ ಪ್ರೆಸ್ಸು,
ಗುಜರಿ ಆಟೋದ ರೆಕಾರ್ಡು ದನಿ:
ಹಳೇ ಕಬ್ಬಿಣ, ಹಳೇ ಬ್ಯಾಟ್ರಿ, ಹಳೇ ಮಿಕ್ಸಿ.
ಎರಡನೇ ಮೈಕನ್ನು ಕಿಟಕಿ ಸರಳಿಗೆ ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿ
ಇಡೀ ಊರನ್ನು ಒಂದು ಹಳದಿ ತಂತಿಯಲ್ಲಿ
ಚಾನಲ್ಲಿಗೆ ಸಿಕ್ಕಿಸಿದೆವು.

ಮೊದಲನೇ ಮೈಕಿನಲ್ಲಿ ಅಮುದಾ. ರೆಕಾರ್ಡು ಪುಸ್ತಕ ಹಿಡಿದು
‘ಪ್ರಯೋಗದ ಉದ್ದೇಶ...’ ಎಂದು ಓದುತ್ತಾಳೆ.
ಬೀರುವಿನ ಆಚೆ, ಹೆಡ್‌ಫೋನು ಹಾಕಿ, ಸೀಮೆಸುಣ್ಣ ಹಿಡಿದು
ಮುನಿಚೌಡಪ್ಪ. ಕೇಳಿದ್ದನ್ನು ಕೇಳಿದ ಹಾಗೇ ಬರೆಯಬೇಕು.
ಸ್ಕೋಪಿನ ಪರದೆಯಲ್ಲಿ ಅವಳ ಅಲೆ
ಕೆರೆಯಿಂದ ಎಳೆದ ಹಗ್ಗ, ಮೈತುಂಬ ಜೊಂಡು.
ಬೋರ್ಡಿನ ಮೇಲೆ ಮೂಡಿತು:
ಪ್ರಯೋಗದ ಉದ್ದೇಶ ಹಳೇ ಮಿಕ್ಸಿ.

ನಗು ನಿಲ್ಲಲು ಐದು ನಿಮಿಷ ಬೇಕಾಯಿತು.

ಆಮೇಲೆ ರುಕ್ಮಾಂಗದ ಡಬ್ಬಿಗಳನ್ನು ಕಳಚಿ ಮತ್ತೆ ಜೋಡಿಸಿದ,
ದನಿಯನ್ನು ಸೊನ್ನೆ ಒಂದುಗಳಾಗಿ ಕೊಚ್ಚಿ ಕಳಿಸಿದ.
ಅದೇ ಕಿಟಕಿ, ಅದೇ ಟ್ಯಾಂಕರು,
ಅಮುದಾಳ ಗಂಟಲಲ್ಲಿ ಇನ್ನೂ ಅಡಗದ ನಗು.
ಈ ಸಲ ಮುನಿಚೌಡಪ್ಪ ಇಡೀ ವಾಕ್ಯ ಬರೆದ,
ಪೂರ್ಣವಿರಾಮ ಸಮೇತ.

‘ಊರೆಲ್ಲ ಎಲ್ಲಿ ಹೋಯ್ತು?’
ವಿವರಿಸಿದೆ. ಈ ತುದಿಯಲ್ಲಿ ಒಂದು ಗೆರೆ ಇದೆ.
ಬಂದದ್ದು ಗೆರೆಯ ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ.
ಎಷ್ಟು ಮೇಲೆ, ಎಷ್ಟು ಕೆಳಗೆ, ಯಾರೂ ಕೇಳುವುದಿಲ್ಲ.
ಹಾಗೆ ಕೇಳದೆ ಇರುವುದರಿಂದಲೇ ಮಾತು ಉಳಿಯುತ್ತದೆ.

ಅವನು ಹೆಡ್‌ಫೋನು ಕುತ್ತಿಗೆಗೆ ಇಳಿಸಿದ.
‘ಇಪ್ಪತ್ತೆರಡು ವರ್ಷ ಆಯ್ತು ನಾನು ದಿನಗೂಲಿ.
ನಾನು ಗೆರೆಯ ಮೇಲೋ ಕೆಳಗೋ ಮೇಡಂ?’

ಹುಡುಗರು ತಂತಿ ಸುತ್ತುತ್ತಿದ್ದರು.
ನನ್ನ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ.
ಹದಿನಾಲ್ಕು ವರ್ಷ ಇದ್ದ ಅತಿಥಿಯನ್ನು
ಯಾವ ಮನೆಯವರಾದರೂ ಏನೆಂದು ಕರೆಯುತ್ತಾರೆ?
ಪ್ಯಾಚ್ ಕಾರ್ಡು ಎಣಿಸಿ ಎಂದೆ, ಅಷ್ಟೇ.
ಮೂವತ್ತೆಂಟು. ಎರಡು ಕಡಿಮೆ.
ಒಂದು ಯಾರದೋ ಜೇಬಿನಲ್ಲಿತ್ತು. ಇನ್ನೊಂದು ಸಿಗಲೇ ಇಲ್ಲ.

ಕೊನೆಗೆ ಅಮುದಾಳ ರೆಕಾರ್ಡು ತಿದ್ದಲು ಕೂತೆ.
ಉಪಕರಣಗಳ ಪಟ್ಟಿಯಲ್ಲಿ, ಏಳನೆಯ ಸಾಲಿನಲ್ಲಿ,
ನಾಯ್ಸ್ ಜನರೇಟರ್ ಎಂದಿರಬೇಕಾದ ಕಡೆ
ದುಂಡಗೆ ಬರೆದಿದ್ದಳು: ಕಿಟಕಿ, ಒಂದು.

ಕೆಂಪು ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.
ಸರಿ ಗುರುತು ಹಾಕಿದೆ.